ಯಾರ ಸಹಿ ಬೇಕು? ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಮನವಿಗಳ ಚರಿತ್ರೆ

ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಬಂದ ಲಿಖಿತ ಅಹವಾಲುಗಳು 1,52,250. ಆಯೋಗದಲ್ಲಿದ್ದ ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ 1955ರ ವರದಿಯಲ್ಲಿ ಈ ಸಂಖ್ಯೆಯನ್ನು ಕೊಟ್ಟು, ಅದರ ಬೆನ್ನಿಗೇ ಇನ್ನೊಂದನ್ನೂ ಬರೆದರು: ವಿಚಾರ ಮಾಡಿ ಸಿದ್ಧಪಡಿಸಿದ ಮನವಿಗಳು ಸುಮಾರು 2000 ಮಾತ್ರ. ಮಿಕ್ಕವುಗಳಲ್ಲಿ ಹೆಚ್ಚಿನವು ತಂತಿಗಳು, ಅಚ್ಚು ಹಾಕಿಸಿದ ನಿರ್ಣಯಗಳು. ಅಂದರೆ ಅರ್ಜಿ ಸ್ವೀಕರಿಸುವವರು ಅದನ್ನು ತೂಗುವುದಕ್ಕೆ ಎಣಿಕೆಯನ್ನು ನೆಚ್ಚಿಕೊಂಡಿರಲಿಲ್ಲ. ಆಗ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಆ ಪುನರ್ವಿಂಗಡಣೆಯಲ್ಲೇ 1956ರ ನವೆಂಬರ್ 1ರಂದು ಮೈಸೂರಿಗೆ ಬಂದಿತು. ಇಂದಿನ ಚಾಮರಾಜನಗರ ಜಿಲ್ಲೆಯ ಅರ್ಜಿಗಳ ಚರಿತ್ರೆಯನ್ನು ಬರೆಯಹೊರಟವರು ಈ ವಿಂಗಡಣೆಯ ಕಥೆಯಿಂದಲೇ ಶುರು ಮಾಡುವುದು ಒಳ್ಳೆಯದು.

ಈ ಒಂದು ಜಿಲ್ಲೆಯ ನೆಲದಲ್ಲಿ ಹಿಂದೆ ಮೂರು ವಿಳಾಸಗಳಿದ್ದವು. ಗುಂಡ್ಲುಪೇಟೆ, ಚಾಮರಾಜನಗರದ ರೈತ ಮೈಸೂರಿನ ಕಡೆಗೆ ಮುಖ ಮಾಡುತ್ತಿದ್ದ. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಜಹಗೀರು. ಅಲ್ಲಿಯವನಿಗೆ ಮೊದಲು ಜಹಗೀರುದಾರರ ಬಾಗಿಲು. ಕೊಳ್ಳೇಗಾಲದವನ ಕಾಗದ ಕೊಯಮತ್ತೂರಿನ ಕಲೆಕ್ಟರಿಗೆ ಹೋಗಬೇಕು. ಒಂದೇ ಕಾಡಂಚಿನ, ಒಂದೇ ಬರದ ಕಷ್ಟ ಮೂರು ದಾರಿ ಹಿಡಿಯುತ್ತಿತ್ತು. ಯಾರನ್ನು ಒಪ್ಪಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ಊರಿನವರಿಗಿಂತ ಮೊದಲೇ ಆಡಳಿತದ ಗಡಿಗಳು ಬರೆದಿಟ್ಟಿದ್ದವು.

ಮೈಸೂರಿನ ಭಾಗದಲ್ಲಿ ಈ ಉತ್ತರ ಸ್ವಲ್ಪ ಸಡಿಲವಾದದ್ದು 1881ರಲ್ಲಿ. ದಿವಾನ್ ಸಿ. ರಂಗಾಚಾರ್ಲು ಅವರ ಕಾಲದ ಪ್ರಜಾಪ್ರತಿನಿಧಿ ಸಭೆ ಆ ವರ್ಷದ ಅಕ್ಟೋಬರ್ 7ರಂದು 144 ಸದಸ್ಯರೊಂದಿಗೆ ಮೊದಲ ಸಲ ಸೇರಿತು. ಸದಸ್ಯರು ಹೆಚ್ಚಾಗಿ ಜಮೀನುದಾರರು, ವರ್ತಕರು. ದಸರೆಯ ಹೊತ್ತಿಗೆ ಮೈಸೂರಿಗೆ ಬಂದು ತಮ್ಮ ತಾಲ್ಲೂಕಿನ ಕೊರತೆಗಳನ್ನು ಅರಿಕೆ ಮಾಡಿಕೊಳ್ಳುವುದು, ದಿವಾನರ ಉತ್ತರ ಕೇಳಿಸಿಕೊಂಡು ಹಿಂದಿರುಗುವುದು, ಇಷ್ಟೇ ಅವರ ಕೆಲಸ; ಕಾನೂನು ಮಾಡುವ ಅಧಿಕಾರವಿರಲಿಲ್ಲ. ಇದನ್ನು ಬರಿಯ ದರ್ಬಾರಿನ ಅಲಂಕಾರವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಕಾಣುವುದು ಬೇರೆ. ಕೆರೆಯ ತೂಬು ಒಡೆದ ಹಳ್ಳಿಯವರು ದಿವಾನರನ್ನು ಒಪ್ಪಿಸುವ ಮೊದಲು, ನೂರಾರು ಹಳ್ಳಿಗಳ ಕೊರತೆಗಳಲ್ಲಿ ತಮ್ಮದನ್ನೇ ಆರಿಸಿಕೊಳ್ಳುವಂತೆ ತಮ್ಮ ತಾಲ್ಲೂಕಿನ ಪ್ರತಿನಿಧಿಯನ್ನು ಒಪ್ಪಿಸಬೇಕಾಯಿತು. ಪ್ರಭುವಿಗೆ ಬರೆಯುವ ಬಿನ್ನಹದ ಜಾಗದಲ್ಲಿ ಊರಿನ ಯಜಮಾನನ ಜಗಲಿಯಲ್ಲಿ ಕೂತು ಆಡುವ ಮಾತು ಮುಖ್ಯವಾಯಿತು. ಆ ಜಗಲಿಗೆ ಯಾರು ಹತ್ತಬಹುದಿತ್ತು, ಯಾರು ಹತ್ತುವಂತಿರಲಿಲ್ಲ ಎಂಬುದನ್ನು ಈ ಸೀಮೆಯ ಜಾತಿ ವ್ಯವಸ್ಥೆ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸಭೆಯ ಮತದಾನಕ್ಕೆ ಹೆಂಗಸರಿಗಿದ್ದ ಅಡ್ಡಿ ತೆಗೆದದ್ದು 1923ರ ಕಾಯ್ದೆಯ ವೇಳೆಗೆ.

ವಿಳಾಸ ಬದಲಾಯಿಸಿ ಗೆದ್ದ ಉದಾಹರಣೆ 1918ರದು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೇಳುತ್ತಿದ್ದವರು ಹಿಂದಿನ ವರ್ಷವಷ್ಟೇ ಪ್ರಜಾಮಿತ್ರ ಮಂಡಲಿ ಕಟ್ಟಿಕೊಂಡಿದ್ದರು. ಈ ವಿಷಯದಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಮನಸ್ಸು ಬದಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವರ ನಿಯೋಗ ನೇರವಾಗಿ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡಿತು. ಅದೇ ವರ್ಷ ಈ ಬೇಡಿಕೆಯನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅದರ ಹಿಂದೆಯೇ ವಿಶ್ವೇಶ್ವರಯ್ಯ ಪದವಿ ಬಿಟ್ಟರು. ಲಕ್ಷ ಸಹಿಗಳ ಕಟ್ಟು ಮಂಡಲಿಯವರ ಕೈಯಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇದಕ್ಕೆ ಪೂರ್ತಿ ಎದುರಾದ ಕಥೆ ಇಂಗ್ಲೆಂಡಿನಲ್ಲಿ ಮತಾಧಿಕಾರಕ್ಕೆ ಹೋರಾಡಿದ ಚಾರ್ಟಿಸ್ಟರದು. 1848ರಲ್ಲಿ 57 ಲಕ್ಷ ಸಹಿಗಳೆಂದು ಹೇಳಿಕೊಂಡು ಅವರು ಒಯ್ದ ಮನವಿಯನ್ನು ಪಾರ್ಲಿಮೆಂಟಿನ ಗುಮಾಸ್ತರು ಎಣಿಸಿದಾಗ ಸಿಕ್ಕಿದ್ದು 19,75,496. ಅದರಲ್ಲಿ ವಿಕ್ಟೋರಿಯಾ ರಾಣಿಯ ಹೆಸರೂ ಇತ್ತು. ಹತ್ತೊಂಬತ್ತು ಲಕ್ಷ ಸಣ್ಣದೇನಲ್ಲ. ಆದರೆ ದೊಡ್ಡ ಸಂಖ್ಯೆಯ ಆಸೆಗೆ ಬಿದ್ದುದರಿಂದ ಇದ್ದ ನಿಜವಾದ ಸಹಿಗಳೂ ನಗೆಪಾಟಲಾದವು.

ಸ್ವಾತಂತ್ರ್ಯಾನಂತರ ಅರ್ಜಿಯ ವಿಳಾಸವನ್ನು ಊರಿನ ಹತ್ತಿರಕ್ಕೆ ತಂದ ದೊಡ್ಡ ಹೆಸರು ಗುಂಡ್ಲುಪೇಟೆಯದ್ದೇ: ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್‌ಸಾಬ್ ಎಂದರು. ಈ ಲೇಖನಕ್ಕೆ ಹೆಚ್ಚು ಬೇಕಾದದ್ದು ಸಚಿವರಾಗಿ ಅವರು ತಂದ 1983ರ ಪಂಚಾಯತ್ ಕಾಯ್ದೆ. 1987ರ ಚುನಾವಣೆಯೊಂದಿಗೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಕಾಲು ಭಾಗ ಸ್ಥಾನ ಹೆಂಗಸರಿಗೆ ಮೀಸಲಾಯಿತು. ವಿಧಾನಸೌಧಕ್ಕೆ ಹೋಗುತ್ತಿದ್ದ ಎಷ್ಟೋ ಮನವಿಗಳು ಪಕ್ಕದ ಬೀದಿಯ ಸದಸ್ಯನ ಕೈಗೆ ಬಂದವು. ಹತ್ತಿರದ ವಿಳಾಸ ಸುಲಭವೆಂದೇನೂ ಅಲ್ಲ. ದೂರದ ಮಂತ್ರಿಗೆ ಸಹಿ ಹಾಕಿಕೊಡುವವನು ಪಕ್ಕದ ಮನೆಯ ಸದಸ್ಯನ ವಿರುದ್ಧ ಸಹಿ ಹಾಕುವಾಗ ಎರಡು ಸಲ ಯೋಚಿಸುತ್ತಾನೆ.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ನಂಬಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. 1997ರಲ್ಲಿ ಜಿಲ್ಲೆಯಾದಾಗಲೂ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟನೆ ನೆರವೇರಿಸಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. ಮನವಿ ಸ್ವೀಕರಿಸುವವರೇ ಊರಿಗೆ ಬರಲು ಹಿಂಜರಿದರೆ ಮನವಿ ಹಿಡಿದವರು ಬೇರೆ ಊರಿನ ರಸ್ತೆಯಲ್ಲಿ ಕಾಯಬೇಕು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಈ ನಂಬಿಕೆಯ ಜೀವ ತೆಗೆದರು.

ಬಂಡೀಪುರದ ರಾತ್ರಿ

ಯಾರನ್ನು ಒಪ್ಪಿಸಬೇಕು ಎಂಬ ಪ್ರಶ್ನೆ ಈ ಸೀಮೆಯಲ್ಲಿ ಅತ್ಯಂತ ಕಗ್ಗಂಟಾಗಿ ನಿಂತಿರುವುದು ಬಂಡೀಪುರದ ರಾತ್ರಿ ಸಂಚಾರದ ವಿಷಯದಲ್ಲಿ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ (ಹಿಂದೆ 212, ಈಗ 766) ಸುಮಾರು 25 ಕಿ.ಮೀ. ಕಾಡಿನಲ್ಲಿ ಹಾಯುತ್ತದೆ. 2009ರ ಜೂನ್ 3ರಂದು ಚಾಮರಾಜನಗರದ ಜಿಲ್ಲಾಧಿಕಾರಿಯವರು ಮೋಟಾರು ವಾಹನ ಕಾಯ್ದೆಯಡಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧಿಸಿದರು. ವಾರ ತುಂಬುವಷ್ಟರಲ್ಲಿ, ಜೂನ್ 10ಕ್ಕೆ, ಒತ್ತಡ ಬಂದು ಆದೇಶ ಹಿಂದಕ್ಕೆ ಹೋಯಿತು. ವಕೀಲ ಎಲ್. ಶ್ರೀನಿವಾಸಬಾಬು ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಜುಲೈ ಕೊನೆಗೆ ನ್ಯಾಯಾಲಯ ನಿಷೇಧವನ್ನು ಮತ್ತೆ ಜಾರಿಗೆ ತಂದಿತು. 2010ರ ಮಾರ್ಚ್‌ನ ತೀರ್ಪು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಮತ್ತು ಕೆಲವೇ ಬಸ್ಸುಗಳಿಗೆ ವಿನಾಯಿತಿ. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು.

ಈ ಕ್ರಮವನ್ನು ಮನವಿಯ ಚರಿತ್ರೆಯ ಕಣ್ಣಿನಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಗುಂಪಿನ ಒತ್ತಡ ಒಂದು ವಾರದಲ್ಲಿ ಗೆದ್ದಿತು. ಒಬ್ಬರ ಅರ್ಜಿ ಕೆಲವೇ ವಾರಗಳಲ್ಲಿ ಅದನ್ನು ತಿರುಗಿಸಿತು. ಕಾಡಿನ ಪರವಾಗಿದ್ದವರಿಗೆ ಗುಂಡ್ಲುಪೇಟೆಯ ಒಪ್ಪಿಗೆ ಕೇಳುವ ಅಗತ್ಯವೇ ಬೀಳಲಿಲ್ಲ, ಒಪ್ಪಿಸಬೇಕಾಗಿದ್ದುದು ನ್ಯಾಯಪೀಠವನ್ನು. ಆನೆ, ಕಡವೆ, ಚಿರತೆಗಳು ಲಾರಿಗೆ ಸಿಕ್ಕಿ ಸಾಯುತ್ತಿದ್ದಾಗ ಅದು ಸರಿಯಾದ ಆಯ್ಕೆಯೆಂದೇ ನನ್ನ ಅಭಿಪ್ರಾಯ. ಆದರೆ ಅದರ ಬೆಲೆ ಆಮೇಲೆ ಗೊತ್ತಾಯಿತು. 2018ರಲ್ಲಿ ಕೇಂದ್ರದ ರಸ್ತೆ ಸಚಿವಾಲಯ ಮೇಲ್ಸೇತುವೆ ಕಟ್ಟಿ ರಾತ್ರಿಯೂ ರಸ್ತೆ ಬಿಡುವ ಪ್ರಸ್ತಾಪ ತಂದಿತು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹಗಲಿನಲ್ಲೂ ಏಕೆ ಮುಚ್ಚಬಾರದು, ಬದಲಿ ರಸ್ತೆ ಏನಾಯಿತು ಎಂದು ಕೇಳಿದ್ದೇ ತಡ ವಯನಾಡು ಎದ್ದು ನಿಂತಿತು. ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತರು. ಅಕ್ಟೋಬರ್ 4ರಂದು ರಾಹುಲ್ ಗಾಂಧಿ ಅಲ್ಲಿಗೆ ಬಂದರು. 2025ರ ಏಪ್ರಿಲ್‌ನಲ್ಲಿ ನಿಷೇಧ ಸಡಿಲವಾಗುವ ಮಾತು ಮತ್ತೆ ಕೇಳಿಬಂದಾಗ ಪರಿಸರಾಸಕ್ತರು, ರೈತ ಸಂಘದವರು ಗುಂಡ್ಲುಪೇಟೆ ತಾಲ್ಲೂಕಿನ ಕಗ್ಗಳದಹುಂಡಿಯಿಂದ ಮದ್ದೂರು ಚೆಕ್‌ಪೋಸ್ಟಿನವರೆಗೆ ಕಾಲ್ನಡಿಗೆ ಮಾಡಿದರು. ಹೈಕೋರ್ಟಿನಲ್ಲಿ ಮುಗಿಯಿತೆಂದುಕೊಂಡ ವಾದ ಕೆಲವು ವರ್ಷಗಳಿಗೊಮ್ಮೆ ಮೊದಲಿನಿಂದ ಶುರುವಾಗುತ್ತಿದೆ.

ಹಾಗಾದರೆ ನಿಷೇಧದ ಪರವಾಗಿ ಗುಂಡ್ಲುಪೇಟೆಯಲ್ಲಿ ಸಹಿ ಕೇಳಲು ಹೊರಟವನು ಯಾರ ಬಾಗಿಲಿಗೆ ಹೋಗಬೇಕು? ರಾತ್ರಿ ಗಾಡಿ ಓಡಿದರೆ ಬಾಡಿಗೆ ಹೆಚ್ಚುವ ಲಾರಿ ಮಾಲೀಕನನ್ನು ವಾದದಿಂದ ಗೆಲ್ಲುವುದು ಕಷ್ಟ. ಸಫಾರಿ, ರೆಸಾರ್ಟುಗಳಿಂದ ಬದುಕುವ ಮಂಗಲ, ಮೇಲುಕಾಮನಹಳ್ಳಿ ಕಡೆಯವರಲ್ಲಿ ಹಲವರು ಮೊದಲೇ ಒಪ್ಪಿದವರು. ಇವೆರಡರ ನಡುವೆ ಇದ್ದಾನೆ ತರಕಾರಿ ಬೆಳೆಯುವ ರೈತ. ತೆರಕಣಾಂಬಿ ಮಾರುಕಟ್ಟೆಯಿಂದ ಕೇರಳಕ್ಕೆ ಹೋಗುವ ತರಕಾರಿಯಲ್ಲಿ ಅವನ ಪಾಲಿದೆ, ಚೆಕ್‌ಪೋಸ್ಟು ಮುಚ್ಚುವ ಹೊತ್ತು ದರದ ಮೇಲೆ ಏನು ಮಾಡುತ್ತದೆಂಬುದು ಅವನಿಗೆ ಗೊತ್ತು. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗದ ಬದಲಿ ರಸ್ತೆ ಮೈಸೂರಿನಿಂದ ಹೊರಡುವವರಿಗೆ ಆದೀತು. ತೆರಕಣಾಂಬಿಯವನಿಗೆ ಅದು ಹಿಂದಕ್ಕೆ ಹೋಗಿ ಸುತ್ತಿ ಬರುವ ದಾರಿ. ಅದೇ ರೈತನ ಹೊಲಕ್ಕೆ ರಾತ್ರಿ ಆನೆ, ಹಂದಿ ಇಳಿಯುತ್ತವೆ. ಕಾಡಿನ ಬಗ್ಗೆ ಅವನಿಗೆ ಪ್ರೀತಿಯೂ ಇದೆ, ಅರಣ್ಯ ಇಲಾಖೆಯ ಮೇಲೆ ಮುನಿಸೂ ಇದೆ. ಅವನ ಸಹಿ ಎರಡೂ ಕಡೆಗೆ ಹೋಗಬಹುದು. ಅವನೊಡನೆ ಮಾತಾಡಬೇಕಾದರೆ ಹುಲಿಯ ಮಾತಿಗಿಂತ ಬೆಳೆ ನಷ್ಟದ ಪರಿಹಾರದ ಮಾತು ಮೊದಲು ಬರಬೇಕು.

ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಒತ್ತುವ ಸಹಿಗೂ ಈ ರೈತನ ಸಹಿಗೂ ವ್ಯತ್ಯಾಸವಿದೆ. ಮೊದಲಿನದಕ್ಕೆ ಖರ್ಚಿಲ್ಲ. ಎರಡನೆಯದಕ್ಕೆ ನಾಳೆ ಮಂಡಿಯಲ್ಲಿ ವರ್ತಕನಿಗೆ, ಸಂಜೆ ನೆರೆಯವನಿಗೆ ಉತ್ತರ ಹೇಳಬೇಕಾಗುತ್ತದೆ. ಮನವಿ ಓದುವ ಅಧಿಕಾರಿಗೂ ಇದು ಗೊತ್ತಿರುತ್ತದೆ. ಸಹಿ ಹಾಕಿದವನಿಗೆ ಅದರಿಂದ ಎಷ್ಟು ಕಷ್ಟ ಬರಬಹುದೋ ಅಷ್ಟು ಅದರ ತೂಕ.

ಮನವೊಲಿಕೆಯ ಮೇಲಿನ ಈಚಿನ ಅಧ್ಯಯನಗಳೂ ಅವಸರದ ಪ್ರಚಾರದ ಮೇಲಿನ ನಂಬಿಕೆಯನ್ನು ಕುಗ್ಗಿಸಿವೆ. ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 2018ರಲ್ಲಿ 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಅಮೆರಿಕದ ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರದ ಸಂಪರ್ಕ ಮತದಾರರ ಆಯ್ಕೆಯನ್ನು ಬದಲಿಸಿದ್ದು ಸರಾಸರಿ ಸೊನ್ನೆಗೆ ಹತ್ತಿರ ಎಂದು ಕಂಡಿತು. ಅವರೇ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಮಯಾಮಿಯಲ್ಲಿ ಮನೆ ಬಾಗಿಲಲ್ಲಿ ನಿಂತು ಸುಮಾರು ಹತ್ತು ನಿಮಿಷ ಎದುರಿನವರ ಅನುಭವ ಕೇಳುತ್ತಾ ಆಡಿದ ಮಾತಿನ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು. ಡೇನಿಯಲ್ ಕಾರ್ಪೆಂಟರ್ ಮತ್ತು ಕಾಲಿನ್ ಮೂರ್ ಗುಲಾಮಗಿರಿಯ ವಿರುದ್ಧದ ಅಮೆರಿಕದ ಮನವಿಗಳನ್ನು ಪರಿಶೀಲಿಸಿ, ಹೆಂಗಸರು ಒಯ್ದ ಮನವಿಗಳಿಗೆ ಗಂಡಸರು ಒಯ್ದವುಗಳಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಸಹಿ ಬಿದ್ದುದನ್ನು ತೋರಿಸಿದ್ದಾರೆ. ಗುಂಡ್ಲುಪೇಟೆಯ ಸ್ತ್ರೀಶಕ್ತಿ ಸಂಘಗಳ ವಾರದ ಸಭೆ ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೂ ಇಲ್ಲಿಯ ಸಹಿ ಸಂಗ್ರಹದ ಪಟ್ಟಿ ಇವತ್ತಿಗೂ ಮೊದಲು ಹೋಗುವುದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ.

ಒಂದು ಮತ ಎಷ್ಟು ದೊಡ್ಡದೆಂಬುದಕ್ಕೆ ಇದೇ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ 2004ರಲ್ಲಿ ಸಾಕ್ಷಿಯಾಯಿತು: ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಪ್ರಚಾರಕರು ಎಲ್ಲರ ಬಾಗಿಲೂ ಬಡಿಯಲು ಈ ಕಥೆಯನ್ನು ನೆಪ ಮಾಡಿಕೊಳ್ಳುತ್ತಾರೆ. ನನಗೇನೋ ಅದು ತಪ್ಪು ಪಾಠವೆನಿಸುತ್ತದೆ. ಆ ಒಂದು ಮತ ಯಾವುದೆಂದು ಮೊದಲೇ ತಿಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಪೋಡುಗಳಲ್ಲಿ

ಬಿಳಿಗಿರಿರಂಗನ ಬೆಟ್ಟದಲ್ಲಿ ಪ್ರಶ್ನೆ ಬೇರೆ ರೀತಿಯಲ್ಲಿ ಬಂತು. ಕಾಡು ವನ್ಯಜೀವಿಧಾಮವಾದ ಮೇಲೆ ಅಲ್ಲಿನ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ನೆಲೆಸಿದ ಸೋಲಿಗ ಬುಡಕಟ್ಟಿನವರ ಬೇಸಾಯ, ಬೇಟೆ ನಿಂತವು. ಜೇನು, ನೆಲ್ಲಿ, ಪಾಚಿ ಸಂಗ್ರಹಿಸಿ ಮಾರುವುದಕ್ಕೂ 2000ದ ದಶಕದಲ್ಲಿ ತಡೆ ಬಿತ್ತು. 1981ರಲ್ಲಿ ಡಾ. ಎಚ್. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗರದ್ದೇ ಆದ ಜಿಲ್ಲಾ ಬುಡಕಟ್ಟು ಗಿರಿಜನ ಅಭಿವೃದ್ಧಿ ಸಂಘ, ಅಶೋಕ ಟ್ರಸ್ಟಿನ ಸಂಶೋಧಕರು ಇವರೆಲ್ಲ ಮನವಿಗಳನ್ನು ಕೊಟ್ಟೇ ಕೊಟ್ಟರು. ಆದರೆ ದಾರಿ ತಿರುಗಿದ್ದು 2006ರ ಅರಣ್ಯ ಹಕ್ಕು ಕಾಯ್ದೆ 2008ರಲ್ಲಿ ಜಾರಿಯಾದ ಮೇಲೆ.

ಯಾರನ್ನು ಒಪ್ಪಿಸಬೇಕೆಂಬುದನ್ನು ಈ ಕಾಯ್ದೆಯ ನಿಯಮಗಳೇ ಹೇಳಿಬಿಟ್ಟವು. ಹಕ್ಕು ಕೋರಿಕೆ ಮೊದಲು ಗ್ರಾಮಸಭೆಯಲ್ಲಿ ನಿಲ್ಲಬೇಕು, ಆಮೇಲೆ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾಧಿಕಾರಿಯ ಸಮಿತಿ. 2007ರ ನಿಯಮದಂತೆ ಸಭೆಯ ಕೋರಂ ಮೂರರಲ್ಲಿ ಎರಡು ಪಾಲು. ಕೂಲಿಗೆ ಕೊಡಗಿನ ಕಾಫಿ ತೋಟಕ್ಕೆ ಹೋದವರನ್ನು ಬಿಟ್ಟು ಈ ಸಂಖ್ಯೆ ತುಂಬುವುದು ಸುಲಭವಲ್ಲ; ಹಾಗಾಗಿ ಬಾರದವರನ್ನು ಬರುವಂತೆ ಮಾಡುವುದೇ ಮುಖ್ಯ ಕೆಲಸವಾಯಿತು. ಒಪ್ಪದವರನ್ನು ಒಪ್ಪಿಸುವುದು ಅದರ ಮುಂದೆ ಸಣ್ಣದು. 2012ರ ತಿದ್ದುಪಡಿ ಕೋರಂ ಅನ್ನು ಅರ್ಧಕ್ಕಿಳಿಸಿ, ಬಂದವರಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಬೇಕೆಂದಿತು.

ಸಾಕ್ಷ್ಯದ ವಿಷಯದಲ್ಲಂತೂ ನಿಯಮ ಇನ್ನೂ ಸ್ವಾರಸ್ಯಕರ. ಕೋರಿಕೆದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಪುರಾವೆ. ತಮ್ಮ ಕುಲದ ದೇವರು, ಮಾರಮ್ಮ, ವೀರರ ನೆಲೆಗಳು ಕಾಡಿನಲ್ಲಿ ಎಲ್ಲೆಲ್ಲಿವೆಯೆಂದು ಹಿರಿಯ ಸೋಲಿಗರು ತೋರಿಸಿದ್ದನ್ನು ನಕ್ಷೆಗೆ ಇಳಿಸಲಾಯಿತು. ಸೋಲಿಗ ಸಮುದಾಯದವರೇ ಆದ ಸಂಶೋಧಕ ಸಿ. ಮಾದೇಗೌಡ ಈ ಕೆಲಸದಲ್ಲಿ ಮುಂದಿದ್ದರು. ನೂರು ಸಹಿಗಳ ಹಾಳೆ ಮಾಡಲಾಗದ್ದನ್ನು ಕಾಡು ನಡೆದು ಬಲ್ಲ ಮುದುಕನ ಮಾತು ಮಾಡಿತು. 2011ರ ಜನವರಿಯಲ್ಲಿ ಕಾಡು ಹುಲಿ ರಕ್ಷಿತ ಪ್ರದೇಶವಾಯಿತು; ಅದೇ ವರ್ಷದ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ದೊರೆತ ದೇಶದ ಮೊದಲ ಪ್ರಕರಣವೆಂದು ಇದನ್ನು ಗುರುತಿಸುತ್ತಾರೆ. ಹಕ್ಕುಪತ್ರ ಕೈಯಲ್ಲಿದ್ದರೂ ಜೇನು ಬಿಡಿಸುವುದಕ್ಕೆ, ಕಾಡಿನ ನಿರ್ವಹಣೆಯಲ್ಲಿ ಮಾತಾಡುವುದಕ್ಕೆ ಇಲಾಖೆಯೊಡನೆ ತಿಕ್ಕಾಟ ಮುಗಿದಿಲ್ಲ ಎಂಬುದೂ ನಿಜವೇ.

ಬಂಡೀಪುರದ ರಸ್ತೆಯಲ್ಲಿ ನ್ಯಾಯಾಲಯ ಒಪ್ಪಿದ್ದು ಬೇಗ. ಸುತ್ತಲಿನವರ ಒಪ್ಪಿಗೆ ಬಾಕಿ ಉಳಿಯಿತು. ಬಿಳಿಗಿರಿಯಲ್ಲಿ ಸಭೆಗಳು ನಿಧಾನವಾಗಿ ನಡೆದವು. ಒಪ್ಪಿಗೆ ಮೊದಲು ಊರಿನಲ್ಲೇ ಕೂಡಿತು. 2024ರ ಜೂನ್ 19ರಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಲಿ ಪ್ರದೇಶಗಳ ಒಳಗಿನ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರವನ್ನು ಚುರುಕುಗೊಳಿಸಲು ರಾಜ್ಯಗಳಿಗೆ ಪತ್ರ ಬರೆಯಿತು. ಆ ಪತ್ರ ಹೋದದ್ದು ಅರಣ್ಯಾಧಿಕಾರಿಗಳಿಗೆ. ಅರಣ್ಯ ಹಕ್ಕು ಕಾಯ್ದೆಯ 4(2)ನೇ ಕಲಂ ಸ್ಥಳಾಂತರಕ್ಕೆ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕೆನ್ನುವುದು ಗ್ರಾಮಸಭೆಯಿಂದ.