ಮಾಸ್ತರರ ಪತ್ರಿಕೆಯಿಂದ ಮಾಸ್ತರರ ಗ್ರೂಪಿಗೆ

ಕಾರವಾರದ ಅಕ್ಕೋರು, ಅಂಕೋಲೆಯ ಮಾಸ್ತರರು ಇಂದು ಪಾಠದ ಸಂಶಯವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಮೊಬೈಲ್ ಹೊಸದು, ಶಿಕ್ಷಕರು ಶಿಕ್ಷಕರಿಂದ ಕಲಿಯುವುದು ಹೊಸದಲ್ಲ.

ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಕನ್ನಡ ಶಿಕ್ಷಕರಿಗೆಂದೇ 1865ರಲ್ಲಿ, ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ, ಬೆಳಗಾವಿಯಿಂದ 'ಮಠಪತ್ರಿಕೆ' ಹೊರಟಿತು. ಆಗ ಮಠವೆಂದರೆ ಶಾಲೆ. ಅದೇ ಪತ್ರಿಕೆ ಮುಂದೆ ಧಾರವಾಡದ 'ಜೀವನ ಶಿಕ್ಷಣ'ವಾಯಿತು.

ಪತ್ರಿಕೆಯನ್ನು ಓದಬಹುದಿತ್ತು, ಕೂಡಲೇ ಮರುಪ್ರಶ್ನೆ ಕೇಳುವಂತಿರಲಿಲ್ಲ. 2011ರಲ್ಲಿ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಹೈಸ್ಕೂಲು ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ಕಟ್ಟಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಬೇರೆ ಬೇರೆ ಇ-ಮೇಲ್ ಗುಂಪು. ಒಬ್ಬರು ಕೇಳಿದರೆ ರಾಜ್ಯದ ಯಾವ ಮೂಲೆಯವರೂ ಉತ್ತರಿಸಬಹುದಿತ್ತು. ಮುಂದೆ ಶಿಕ್ಷಕರು ಸಿದ್ಧಪಡಿಸಿದ ಪಾಠ ಸಾಮಗ್ರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು.

ಆಮೇಲೆ ಬಂತು ವಾಟ್ಸ್‌ಆ್ಯಪ್. ಉತ್ತರ ನಿಮಿಷದಲ್ಲಿ ಬರುತ್ತದೆ. ಆದರೆ ಸುತ್ತೋಲೆ, ತುಂಬಿ ಕಳಿಸಬೇಕಾದ ನಮೂನೆ, ಹಬ್ಬದ ಶುಭಾಶಯ ಎಲ್ಲ ಅಲ್ಲಿಗೇ ಬಂದು ಬೀಳುತ್ತವೆ. ಒಳ್ಳೆಯ ಉತ್ತರ ಸಂಜೆಯೊಳಗೆ ಕಣ್ಮರೆ. ಫೋನು ಕೆಟ್ಟರೆ ಕಥೆಯೇ ಮುಗಿಯಿತು.

ಮಠಪತ್ರಿಕೆಯಲ್ಲಿ ಮಾತು ತಡವಾಗಿ ತಲುಪುತ್ತಿತ್ತು, ಆದರೆ ಉಳಿಯುತ್ತಿತ್ತು. ನಮ್ಮ ಮಕ್ಕಳಿಗೆ ಎರಡೂ ಬೇಕು. ಕಾರವಾರದ ಅಕ್ಕೋರು ಭಿನ್ನರಾಶಿ ಕಲಿಸಲು ಕಂಡುಕೊಂಡ ಸುಲಭದ ದಾರಿ, ಮುಂದಿನ ವರ್ಷ ಅಂಕೋಲೆಗೆ ಬರುವ ಹೊಸ ಮಾಸ್ತರರಿಗೂ ಸಿಗಬೇಕು. ಗ್ರೂಪಿನಲ್ಲಿ ಬಂದ ಒಳ್ಳೆಯದನ್ನು ತೆಗೆದು ಬರೆದಿಡುವ ಒಂದು ಜಾಗ ತಾಲೂಕಿಗೊಂದಾದರೂ ಇರಲಿ.