ಡಿಸ್ಕ್ ತುಂಬಿಸಿದ ಫೈಲು ಯಾವುದು?

ನಮ್ಮ ಕಾಸರಗೋಡಿನ ಸರಕಾರಿ ಕನ್ನಡ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, ಅಂದರೆ ಈಗಿನ ಕೈಟ್, ತಂದ ವ್ಯವಸ್ಥೆ ಅದು. ಮಕ್ಕಳ ವಿಡಿಯೋಗಳಿಂದ ಡಿಸ್ಕ್ ತುಂಬಿದರೆ ಮಾಷ್ಟ್ರು ಒಂದೊಂದೇ ಫೋಲ್ಡರ್ ತೆರೆದು ಹುಡುಕುವುದುಂಟು. ಅದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಆ ಸಾಲಿಗೆ ಐವತ್ತು ವರ್ಷದ ಕಥೆ ಇದೆ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಶುರುಮಾಡಿದರು. ಡೆನ್ನಿಸ್ ರಿಚಿ ಜತೆಗೂಡಿದರು. ಮುಂದೆ ಅವರಿಗೆ ಸಿಕ್ಕಿದ ಪಿಡಿಪಿ-11 ಯಂತ್ರದ ಡಿಸ್ಕ್ ಬರೇ 512 ಕಿಲೋಬೈಟ್. ಇವತ್ತಿನ ಮೊಬೈಲಿನ ಒಂದು ಒಳ್ಳೆ ಫೋಟೋ ಸಹ ಅದರಲ್ಲಿ ಹಿಡಿಯಲಿಕ್ಕಿಲ್ಲ. ಅದನ್ನೇ ಹಲವರು ಹಂಚಿಕೊಂಡರು. ಪೇಟೆಂಟ್ ವಿಭಾಗದ ಟೈಪಿಸ್ಟರೂ ಅದರಲ್ಲೇ ಕೆಲಸ ಮಾಡಿದರು. ಕೂಡುಕುಟುಂಬದ ಪತ್ತಾಯದ ಹಾಗೆ: ಒಬ್ಬ ತುಂಬಿಸಿದರೆ ಇನ್ನೊಬ್ಬನಿಗೆ ಜಾಗ ಇಲ್ಲ. 1971ರ ಮೊದಲ ಕೈಪಿಡಿಯಲ್ಲೇ ‘ಡಿಯು’ ಎಂಬ ಆಜ್ಞೆ ಬಂತು. ಯಾವ ಡೈರೆಕ್ಟರಿ ಎಷ್ಟು ಜಾಗ ತಿಂದಿದೆ ಅಂತ ಹೇಳುವುದೇ ಅದರ ಕೆಲಸ.

ಪ್ರತಿ ಫೈಲಿಗೂ ಯುನಿಕ್ಸಿನಲ್ಲಿ ಐನೋಡ್ ಎಂಬ ದಾಖಲೆ ಇರುತ್ತದೆ, ವಿಲೇಜ್ ಆಫೀಸಿನ ರಿಜಿಸ್ಟರಿನಂತೆ. ಗಾತ್ರ, ಒಡೆಯ, ಕೊನೆಗೆ ಬದಲಾದ ಹೊತ್ತು ಎಲ್ಲ ಅಲ್ಲಿ ಬರೆದಿರುತ್ತದೆ. ಹಾಗಾಗಿ ಫೈಲನ್ನು ತೆರೆಯದೆಯೇ ವಿಚಾರಿಸಬಹುದು. ಮೊದಮೊದಲು ಹೊತ್ತನ್ನು ಸೆಕೆಂಡಿನ ಅರುವತ್ತನೇ ಒಂದು ಪಾಲಿನಲ್ಲಿ ಎಣಿಸುತ್ತಿದ್ದರು. 32 ಬಿಟ್ಟಿನ ಸಂಖ್ಯೆ ಎರಡೂಕಾಲು ವರ್ಷದಲ್ಲೇ ತುಂಬಿಹೋಗುತ್ತಿತ್ತು! ಆಮೇಲೆ 1970ರ ಜನವರಿ 1ರಿಂದ ಸೆಕೆಂಡು ಲೆಕ್ಕ ಹಿಡಿದರು. ಆ ಲೆಕ್ಕವೂ 32 ಬಿಟ್ಟಿನ ಯಂತ್ರಗಳಲ್ಲಿ 2038ಕ್ಕೆ ಮುಗಿಯುತ್ತದೆ. ಹೊಸ ಯಂತ್ರಗಳು 64 ಬಿಟ್ ಬಳಸುವುದರಿಂದ ನಮಗೆ ಚಿಂತೆ ಬೇಡ.

1979ರ ಏಳನೇ ಆವೃತ್ತಿಯ ‘ಫೈಂಡ್’ ಆಜ್ಞೆಗೆ ಗಾತ್ರ, ದಿನ ಎರಡನ್ನೂ ಒಟ್ಟಿಗೆ ಕೇಳಬಹುದಿತ್ತು. ಸ್ಟೀಫನ್ ಬೋರ್ನ್ ಬರೆದ ಶೆಲ್ ಬಂದದ್ದೂ ಅದೇ ಆವೃತ್ತಿಯಲ್ಲಿ. ಅದರಿಂದ ಇಂಥ ಆಜ್ಞೆಗಳನ್ನು ಒಂದು ಚೀಟಿಯಂತೆ ಬರೆದಿಟ್ಟು ಬೇಕಾದಾಗ ಓಡಿಸುವುದು, ಅಂದರೆ ಸ್ಕ್ರಿಪ್ಟ್ ಬರೆಯುವುದು, ಸುಲಭವಾಯಿತು. ಲಿನಕ್ಸಿನವರು ಇವನ್ನೆಲ್ಲ ಹೊಸದಾಗಿ ಬರೆದುಕೊಂಡರೂ ಕ್ರಮ ಹಳೆಯದೇ:

ಫೈಂಡ್ /ಹೋಮ್ -ಟೈಪ್ ಎಫ್ -ಸೈಜ್ +100ಎಂ -ಎಂಟೈಮ್ -7

ಟೈಪ್ ಮಾಡುವುದು ಇಂಗ್ಲಿಷಿನಲ್ಲಿ. ‘ಎಂ’ ಮಾತ್ರ ದೊಡ್ಡ ಅಕ್ಷರ. 100 ಮೆಗಾಬೈಟಿಗಿಂತ ದೊಡ್ಡದು, ಏಳು ದಿನದೊಳಗೆ ಬದಲಾದದ್ದು ಅಂತ ಅರ್ಥ. ಆ ‘ಎಂ’ ಬಿಟ್ಟರೆ ಫೈಂಡ್ ಇಂದಿಗೂ 512 ಬೈಟಿನ ಹಳೆಯ ತುಂಡುಗಳಲ್ಲೇ ಅಳೆಯುತ್ತದೆ. 50 ಕಿಲೋಬೈಟಿನ ಫೈಲುಗಳೂ ಸೇರಿ ಪಟ್ಟಿ ಮಾರುದ್ದ ಬರುತ್ತದೆ. ಪೆನ್‌ಡ್ರೈವಿನಿಂದ ನಕಲು ಮಾಡಿದ ಫೈಲು ಕೆಲವೊಮ್ಮೆ ಹಳೆಯ ದಿನಾಂಕವನ್ನೇ ಹೊತ್ತು ಬರುವುದುಂಟು. ಸಿಗದಿದ್ದರೆ ದಿನದ ಶರತ್ತು ತೆಗೆದು ನೋಡಬೇಕು.

ಇದೇ ಸಾಲಿಗೆ ‘-ಡಿಲೀಟ್’ ಸೇರಿಸುವವರಿದ್ದಾರೆ. ಶಾಲೆಯಲ್ಲಿ ಅದು ಬೇಡವೇ ಬೇಡ. ಆ ಪದ ಶರತ್ತುಗಳಿಗಿಂತ ಮೊದಲು ಬಂದರೆ ಗಾತ್ರ, ದಿನ ಒಂದನ್ನೂ ನೋಡದೆ ಎಲ್ಲ ಅಳಿಸುತ್ತದೆ. ಕೊನೆಯಲ್ಲಿ ಬಂದರೂ ಕೇಳದೆ ಅಳಿಸುತ್ತದೆ. ಪಟ್ಟಿಯಲ್ಲಿ ಸಿಕ್ಕಿದ ದೊಡ್ಡ ಫೈಲು ಸಿನೆಮಾವೇ ಆಗಬೇಕೆಂದಿಲ್ಲ. ಹತ್ತನೇ ಕ್ಲಾಸಿನ ಮಗು ವಾರವಿಡೀ ಕೂತು ಮಾಡಿದ ಪ್ರಾಜೆಕ್ಟೂ ಇರಬಹುದು.