ಶಬ್ದದ್ರವ್ಯವೂ ನೀರಿನ ತೆರೆಯೂ

13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ಧ್ವನಿಯ ಹುಟ್ಟನ್ನು ನಿರೂಪಿಸುತ್ತಾನೆ. ಜೀವನ ಇಚ್ಛೆಯಿಂದ, ಅನುಕೂಲ ವಾಯುವಿನ ನೆರವಿನಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ‘ಶಬ್ದದ್ರವ್ಯ’ ಜನಿಸುತ್ತದೆ. ಅದು ಬಿಳಿಯ ಬಣ್ಣದ್ದು. ಅದರ ಕಾರ್ಯವೇ ಶಬ್ದ. ವ್ಯಾಕರಣ ಗ್ರಂಥದಲ್ಲಿ ದ್ರವ್ಯ, ಬಣ್ಣಗಳ ಮಾತೇಕೆ? ಇದು ಕವಿಕಲ್ಪನೆಯಲ್ಲ, ಭಾರತೀಯ ದರ್ಶನಗಳ ದೀರ್ಘ ವಾದವೊಂದರಲ್ಲಿ ಜೈನ ವೈಯಾಕರಣನು ತಳೆದ ನಿಲುವು.

ದೂರದಲ್ಲಿ ಗಂಟೆ ಬಾರಿಸಿದಾಗ ಕಿವಿಯವರೆಗೆ ಬರುವುದೇನು ಎಂಬುದು ಆ ವಾದದ ತಿರುಳು. ವೈಶೇಷಿಕರಿಗೆ ಶಬ್ದವು ಆಕಾಶದ ಗುಣ. ಗುಣವು ಚಲಿಸಲಾರದು, ಆದ್ದರಿಂದ ಮೊದಲ ಶಬ್ದವು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಹುಟ್ಟಿಸುತ್ತದೆ ಎಂದು ಪ್ರಶಸ್ತಪಾದನು ತೆರೆಗಳ ಸಾಲಿನ ಹೋಲಿಕೆ ಕೊಟ್ಟನು. ಇದೇ ಮುಂದೆ ‘ವೀಚೀತರಂಗ ನ್ಯಾಯ’ವೆಂದು ಹೆಸರಾಯಿತು. ಮೀಮಾಂಸಕರಲ್ಲಿ ಶಬರನ ವಿವರಣೆ ಬೇರೆ: ಆಘಾತದಿಂದ ಪ್ರೇರಿತವಾದ ವಾಯುವು ನಿಶ್ಚಲ ವಾಯುವನ್ನು ತಳ್ಳುತ್ತ, ವೇಗವಿರುವಷ್ಟು ದೂರ ಎಲ್ಲ ದಿಕ್ಕುಗಳಲ್ಲೂ ಸಂಯೋಗ-ವಿಭಾಗಗಳನ್ನು ಉಂಟುಮಾಡುತ್ತದೆ, ನಿತ್ಯವಾದ ಶಬ್ದವನ್ನು ಅವು ವ್ಯಕ್ತಪಡಿಸುತ್ತವೆ.

ಜೈನರು ಎರಡನ್ನೂ ಒಪ್ಪಲಿಲ್ಲ. ‘ತತ್ತ್ವಾರ್ಥಸೂತ್ರ’ವು ಶಬ್ದವನ್ನು ನೆರಳು, ಬಿಸಿಲು, ಕತ್ತಲೆಗಳೊಡನೆ ಪುದ್ಗಲದ ಪರ್ಯಾಯಗಳಲ್ಲಿ ಎಣಿಸಿತು. ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ಕೊಡುವ ಕಾರಣಗಳು ಅನುಭವಮೂಲವಾದವು: ಮಾತನ್ನು ಮೂರ್ತವಾದ ಇಂದ್ರಿಯವು ಗ್ರಹಿಸುತ್ತದೆ, ಅದು ತಡೆಗೊಳಗಾಗುತ್ತದೆ, ಪ್ರತಿಘಾತಕ್ಕೀಡಾಗುತ್ತದೆ, ಬೇರೊಂದರಿಂದ ಅಡಗಿಹೋಗುತ್ತದೆ. ಅಮೂರ್ತಕ್ಕೆ ಇವು ಸಲ್ಲವು.

ಆಧುನಿಕ ಭೌತವಿಜ್ಞಾನವು ಈ ಪ್ರಶ್ನೆಯನ್ನು ಪ್ರಯೋಗ ಮತ್ತು ಗಣಿತಗಳಿಂದ ಎದುರಿಸಿತು. 1660ರಲ್ಲಿ ಪ್ರಕಟವಾದ ರಾಬರ್ಟ್ ಬಾಯ್ಲನ ಪ್ರಯೋಗಗಳಲ್ಲಿ, ಪಾತ್ರೆಯ ಗಾಳಿಯನ್ನು ಹೊರತೆಗೆದಂತೆ ಒಳಗಿನ ಗಡಿಯಾರದ ಸದ್ದು ಅಡಗಿತು. 1687ರಲ್ಲಿ ನ್ಯೂಟನ್ ಶಬ್ದವೇಗವನ್ನು ಗಣಿಸಿದನು. ಸಂಕೋಚದಲ್ಲಿ ಗಾಳಿ ಬಿಸಿಯಾಗುವುದನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಅವನ ಉತ್ತರ ಕಡಿಮೆಯಾಯಿತು. ಲಾಪ್ಲಾಸನು ಅದನ್ನು ತಿದ್ದಿದನು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 343 ಮೀಟರ್.

ಆದರೆ ಗಾಳಿಯೇ ಈ ವೇಗದಲ್ಲಿ ಸಾಗಿಬರುವುದಿಲ್ಲ. ಕೆರೆಯ ಮೇಲಿನ ಎಲೆ ತೆರೆಯೊಂದು ಹಾದುಹೋದಾಗ ಏರಿ ಇಳಿದು ಹೆಚ್ಚುಕಡಿಮೆ ಅಲ್ಲಿಯೇ ಉಳಿಯುವಂತೆ, ಗಾಳಿಯ ಕಣಗಳು ತಮ್ಮ ನೆಲೆಯ ಸುತ್ತ ಕಂಪಿಸಿ ನೆರೆಯ ಕಣಗಳಿಗೆ ಶಕ್ತಿಯನ್ನು ದಾಟಿಸುತ್ತವೆ. ಕಂಪನದ ವಿಸ್ತಾರ ಎರಡರಷ್ಟಾದರೆ ಒಯ್ಯುವ ಶಕ್ತಿ ನಾಲ್ಕರಷ್ಟಾಗುತ್ತದೆ. ಬಯಲಿನಲ್ಲಿ ಎಲ್ಲ ಕಡೆಗೂ ಹರಡುವಾಗ, ದೂರ ಇಮ್ಮಡಿಸಿದರೆ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ.

ಈ ಬೆಳಕಿನಲ್ಲಿ ನೋಡಿದರೆ ಯಾವ ದರ್ಶನಕ್ಕೂ ಪೂರ್ಣ ಜಯವಿಲ್ಲ. ಮೂಲದಿಂದ ವಸ್ತುವೊಂದು ಹೊರಟು ಬರುವುದಿಲ್ಲವೆಂಬುದರಲ್ಲಿ ತರಂಗದ ಹೋಲಿಕೆ ಸರಿ. ತಳ್ಳಿಕೆಯ ಪರಂಪರೆಯನ್ನು ಶಬರನು ಸಮೀಪದಿಂದ ಕಂಡನು. ಭೌತಿಕ ಆಧಾರವಿಲ್ಲದೆ ಶಬ್ದವಿಲ್ಲ, ಅದರ ತಡೆ-ಘಾತಗಳು ನಿಜವೆಂಬಲ್ಲಿ ಜೈನರ ವಾದ ಗಟ್ಟಿ. ಆದರೆ ಶಕ್ತಿಯ ಅಳತೆ ಇವರಾರಲ್ಲೂ ಇರಲಿಲ್ಲ. ಆದ್ದರಿಂದ ಕೇಶಿರಾಜನ ‘ದ್ರವ್ಯ’ದಲ್ಲಿ ಇಂದಿನ ವಿಜ್ಞಾನವನ್ನು ಹುಡುಕುವುದೂ, ಅದನ್ನು ಅಲಂಕಾರವೆಂದು ತಳ್ಳಿಹಾಕುವುದೂ ಸಮಾನ ದೋಷಗಳೇ. ಆ ಒಂದು ಪದದ ಹಿಂದೆ ಶತಮಾನಗಳ ತರ್ಕವಿದೆ. ಸೂತ್ರದ ಅರ್ಥ ತೆರೆಯುವುದು ಆ ತರ್ಕದ ಮೂಲಕವೇ.